ಪ್ಲಾನ್ ಒಂದು ಕೊಟ್ಟುಬಿಡಿ, ಸಾಕು!

ಮೊನ್ನೆ ಭಾನುವಾರ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ಮೇಡಂ, 30-40 ಸೈಟು. ಪೂರ್ವದ ಬಾಗಿಲು. ಕೆಳಗೆ ಎರಡು ಬಾಡಿಗೆ ಮನೆ, ಮೇಲೆ ನಮ್ದು. ಪ್ಲಾನಿಗೆ ಎಷ್ಟು ತಗೋತೀರಿ?"

"ಸೈಟು ಎಲ್ಲಿದೆ? ಒಂದು ಸಲ ಬಂದು ನೋಡ್ತೀನಿ" ಎಂದೆ.

"ಅದ್ರಲ್ಲಿ ನೋಡೋದೇನಿದೆ ಮೇಡಂ? 30-40 ಅಂದ್ರೆ ಎಲ್ಲ ಒಂದೇ ಅಲ್ವಾ? ಅಳತೆ ವಾಟ್ಸಾಪಲ್ಲಿ ಹಾಕ್ತೀನಿ. ಶುಕ್ರವಾರ ಗುದ್ದಲಿ ಪೂಜೆ. ಪ್ಲಾನ್ ಒಂದು ಕೊಟ್ಟುಬಿಡಿ, ಸಾಕು. ಮಿಕ್ಕಿದ್ದೆಲ್ಲ ಮೇಸ್ತ್ರಿ ನೋಡ್ಕೋತಾನೆ."

ನಾನು ಆರ್ಕಿಟೆಕ್ಟ್ ಆಗಿ 19 ವರ್ಷ ಆಯಿತು. ಬೆಂಗಳೂರಿನಿಂದ ಮೂರು ತಾಸು ದೂರದ ಒಂದು ಜಿಲ್ಲಾ ಕೇಂದ್ರದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಆಫೀಸು. ಇಂಥ ಫೋನು ವಾರಕ್ಕೆ ಎರಡಾದರೂ ಬರುತ್ತದೆ. ಮೊದಮೊದಲು ಫೋನು ಮಾಡಿದವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಏಕೆಂದರೆ ಈ ಲೆಕ್ಕವನ್ನು ಅವರ ತಲೆಗೆ ತುಂಬಿದವರು ನಾವೇ. ಚದರಡಿಗೆ ಇಷ್ಟು ರೂಪಾಯಿ ಎಂದು ಬೋರ್ಡು ಬರೆಸಿ, ಒಂದೇ ದಿನದಲ್ಲಿ ಪ್ಲಾನ್, ಜೊತೆಗೆ ಎಲಿವೇಶನ್ ಉಚಿತ ಎಂದು ಜಾಹೀರಾತು ಕೊಟ್ಟವರು ನಮ್ಮವರೇ.

ನಾನು ಹೇಳಹೊರಟಿರುವುದು ಇಷ್ಟು. ಪ್ಲಾನ್ ಎನ್ನುವುದು ಆರ್ಕಿಟೆಕ್ಟ್ ಮಾಡುವ ಕೆಲಸದ ಒಂದು ತುಣುಕು. ಆ ತುಣುಕನ್ನೇ ಇಡೀ ಕೆಲಸ ಎಂದು ಮಾರಿದವರೂ ಕೊಂಡವರೂ ಕೂಡಿ ನಮ್ಮ ಊರುಗಳನ್ನು ಕೆಡಿಸಿದ್ದೇವೆ. ಹಾಗೆ ಕೆಡಿಸಿದವರಲ್ಲಿ ನಾನೂ ಒಬ್ಬಳು. ಅದನ್ನೂ ಮುಂದೆ ಹೇಳುತ್ತೇನೆ.

ಇದನ್ನು ಓದುತ್ತಿರುವ ನೀವು ಸಾಹಿತ್ಯ ಬಲ್ಲವರು. ಯಾವ ಕಾದಂಬರಿ ಯಾರದು, ಯಾವ ನಾಟಕ ಯಾರದು ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಸರಿ, ವಿಧಾನಸೌಧ ಯಾರದು? ಕೆಂಗಲ್ ಹನುಮಂತಯ್ಯನವರದು ಎನ್ನುತ್ತೀರಿ. ಅವರ ಛಲವಿಲ್ಲದಿದ್ದರೆ ಆ ಕಟ್ಟಡ ಏಳುತ್ತಿರಲಿಲ್ಲ, ನಿಜ. ಆದರೆ 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿ, 1956ರಲ್ಲಿ ಮುಗಿದ ಆ ಕಟ್ಟಡದ ವಿನ್ಯಾಸದ ಹೊಣೆ ಹೊತ್ತ ಬಿ.ಆರ್. ಮಾಣಿಕಂ ಎಂಬ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಮೈಸೂರಿನ ಈಗಿನ ಅರಮನೆಯನ್ನು ವಿನ್ಯಾಸ ಮಾಡಿದವನು ಹೆನ್ರಿ ಇರ್ವಿನ್ ಎಂದು ದಸರೆಗೆ ಹೋದ ಎಷ್ಟು ಜನ ಬಲ್ಲರು? 'ತ್ರೀ ಈಡಿಯಟ್ಸ್' ಸಿನಿಮಾದಲ್ಲಿ ಕಂಡ ಆ ಕಲ್ಲಿನ ಕಾಲೇಜು ಬೆಂಗಳೂರಿನ ಐಐಎಂ ಎಂದು ವಿದ್ಯಾರ್ಥಿಗಳಿಗೆ ಗೊತ್ತು. ಬೂದುಬಣ್ಣದ ಕಲ್ಲಿನ ನಡುವೆ ಬಿಸಿಲು ನೆರಳು ಹೊತ್ತುಹೊತ್ತಿಗೂ ಬದಲಾಗುವ ಹಾಗೆ ಆ ಓಣಿಗಳನ್ನು ಯೋಚಿಸಿದವರು ಬಾಲಕೃಷ್ಣ ದೋಶಿ, 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ, ಎನ್ನುವುದು ಗೊತ್ತೇ?

ಹೆಸರು ಗೊತ್ತಿಲ್ಲ ಎನ್ನುವುದು ನನ್ನ ದೂರಲ್ಲ. ಹೆಸರು ಮರೆತಾಗ ಹೊಣೆಯೂ ಮರೆಯುತ್ತದೆ, ಅದು ನನ್ನ ದೂರು. ಪಟ್ಟದಕಲ್ಲಿಗೆ ಹೋಗಿ ನೋಡಿ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಕಲ್ಲಿನಲ್ಲಿದೆ. ಅವನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದದ್ದೂ ಅಲ್ಲಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾನು ಕೆತ್ತಿದ ವಿಗ್ರಹಗಳ ಕೆಳಗೆ ತನ್ನ ಹೆಸರು ಬರೆದುಕೊಂಡಿದ್ದಾನೆ. ಇದು ನನ್ನದು, ತಪ್ಪಿದ್ದರೆ ನನ್ನನ್ನು ಕೇಳಿ ಎಂಬ ಧೈರ್ಯ ಅದು. ಇವತ್ತಿನ ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ಸಿನಿಮಾ ನಟರ ಮುಖ ಇರುತ್ತದೆ. ಕಟ್ಟಡ ಸೋರಿದಾಗ ಯಾರ ಹೆಸರು ಹಿಡಿದು ಕೂಗಬೇಕೆಂದು ಫ್ಲಾಟು ಕೊಂಡವರಿಗೆ ಗೊತ್ತಿರುವುದಿಲ್ಲ.

ಪಟ್ಟದಕಲ್ಲಿನ ಶಾಸನಗಳಲ್ಲಿ ಬರುವ ಮಾತು 'ಸೂತ್ರಧಾರಿ'. ನಾಟಕದವರು ಆ ಪದವನ್ನು ತಮ್ಮದು ಎಂದುಕೊಂಡಿದ್ದಾರೆ, ನಮ್ಮದೂ ಹೌದು. ಸೂತ್ರ ಎಂದರೆ ದಾರ. ಈಗಲೂ ಪಾಯದ ಗುರುತು ಹಾಕುವಾಗ ಗೂಟ ಹೊಡೆದು ದಾರ ಎಳೆಯುತ್ತೇವೆ. ಗೋಡೆ ನೆಟ್ಟಗೆ ಏಳುತ್ತಿದೆಯೇ ಎಂದು ನೋಡಲು ತೂಗುಗುಂಡು ಇಳಿಬಿಡುವುದೂ ದಾರದಲ್ಲೇ. ದಾರ ಹಿಡಿದವನು ಅಲ್ಲೇ ಇರಬೇಕು. ಯಕ್ಷಗಾನದ ಭಾಗವತರು ಪೂರ್ವರಂಗ ಮುಗಿಸಿ, ತಾಳ ಕೆಳಗಿಟ್ಟು ಮನೆಗೆ ಹೋಗಿಬಿಟ್ಟರೆ ಆಟ ನಡೆಯುತ್ತದೆಯೇ? ಬೆಳಗಿನ ಮಂಗಳದವರೆಗೂ ಅವರು ರಂಗಸ್ಥಳದಲ್ಲಿ ಇರಲೇಬೇಕು. 'ಪ್ಲಾನ್ ಮಾತ್ರ ಕೊಡಿ' ಎನ್ನುವವರು ಭಾಗವತರಿಂದ ಪದ್ಯದ ಚೀಟಿ ಇಸಿದುಕೊಂಡು, ಆಟವನ್ನು ನಾವೇ ಆಡಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ.

ಹಾಗಾದರೆ ಪ್ಲಾನಿನ ಆಚೆಗೆ ಇರುವ ಕೆಲಸ ಯಾವುದು? 1972ರ ಆರ್ಕಿಟೆಕ್ಟ್ಸ್ ಆಕ್ಟ್‌ನಿಂದ ಹುಟ್ಟಿದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಮ್ಮ ಕೆಲಸವನ್ನು ಏಳು ಹಂತಗಳಾಗಿ ಬಿಡಿಸಿಟ್ಟಿದೆ: ಪರಿಕಲ್ಪನೆ, ಪ್ರಾಥಮಿಕ ವಿನ್ಯಾಸ, ಮಂಜೂರಾತಿಗೆ ಬೇಕಾದ ನಕ್ಷೆ, ಕೆಲಸದ ನಕ್ಷೆಗಳು ಮತ್ತು ಟೆಂಡರ್ ಕಾಗದಪತ್ರ, ಕಂಟ್ರಾಕ್ಟರ್ ನೇಮಕ, ನಿರ್ಮಾಣ, ಮುಕ್ತಾಯ. ಫೀಸು ಕೂಡ ಹಂತ ಹಂತವಾಗಿಯೇ ಸಂದಾಯವಾಗಬೇಕು. ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆ 1963ರಲ್ಲೇ ಇಂಥ ಹಂತಗಳ ಪಟ್ಟಿ ಮಾಡಿತ್ತು. 2013ರಲ್ಲಿ ಅದನ್ನು ತಿದ್ದಿ ಸೊನ್ನೆಯಿಂದ ಏಳರವರೆಗೆ ಎಣಿಸಿದರು. ಆ ಸೊನ್ನೆ ನನಗೆ ಬಹಳ ಇಷ್ಟ. ಕಟ್ಟುವುದೇ ಈ ಸಮಸ್ಯೆಗೆ ಪರಿಹಾರವೇ ಎಂದು ಕೇಳಿಕೊಳ್ಳುವ ಹಂತ ಅದು.

ಪಟ್ಟಿ ಒಣಕಲು ಅನ್ನಿಸುತ್ತದೆ. ಒಂದು ಮನೆಯ ಕತೆ ಹೇಳಿದರೆ ಸುಲಭ.

ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರು, ಅವರ ಹೆಂಡತಿ ಬಂದರು. ಪಿಂಚಣಿಯ ಗಂಟು ಕೈಗೆ ಬಂದಿತ್ತು. ಮೂರು ಮಹಡಿ ಕಟ್ಟಬೇಕು ಎಂದರು. ಯಾರಿಗೆ ಎಂದು ಕೇಳಿದೆ. ಪುಣೆಯಲ್ಲಿರುವ ಮಗನಿಗೆ ಒಂದು, ಬಾಡಿಗೆಗೆ ಒಂದು, ತಮಗೊಂದು. ಮಗ ವಾಪಸ್ ಬರುತ್ತಾನಾ ಎಂದು ಕೇಳಿದೆ. ಮೇಷ್ಟ್ರು ಕಿಟಕಿ ಕಡೆ ನೋಡಿದರು. ಅಮ್ಮ, "ಅವನು ಅಲ್ಲೇ ಫ್ಲಾಟ್ ತಗೊಂಡಿದ್ದಾನಮ್ಮ" ಎಂದರು. ಆ ದಿನ ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಒಂದು ಮಹಡಿ ಕಟ್ಟಿ, ಮುಂದೆ ಬೇಕಾದರೆ ಇನ್ನೊಂದನ್ನು ಹೊರುವಷ್ಟು ಪಾಯ ಹಾಕಿ, ಉಳಿದ ದುಡ್ಡನ್ನು ಬ್ಯಾಂಕಿನಲ್ಲಿ ಇಡುವುದು ಎಂದು ತೀರ್ಮಾನವಾಯಿತು. ನನ್ನ ಫೀಸು ಮೂರನೇ ಒಂದು ಭಾಗಕ್ಕೆ ಇಳಿಯಿತು. ಆ ಮನೆಗೆ ನಾನು ಮಾಡಿದ ಅತಿ ದೊಡ್ಡ ಕೆಲಸ ಅದೇ ಎಂದು ಈಗಲೂ ಅನ್ನಿಸುತ್ತದೆ. ಅದಕ್ಕೆ ಯಾವ ನಕ್ಷೆಯೂ ಇಲ್ಲ.

ಆಮೇಲೆ ಸೈಟಿಗೆ ಹೋದೆ. ಬೆಳಿಗ್ಗೆ ಒಮ್ಮೆ, ಮೇ ತಿಂಗಳ ಮಧ್ಯಾಹ್ನ ನಾಲ್ಕಕ್ಕೆ ಒಮ್ಮೆ, ಒಂದು ದೊಡ್ಡ ಮಳೆ ಬಂದು ನಿಂತ ಮೇಲೆ ಇನ್ನೊಮ್ಮೆ. ಎರಡು 30-40 ಸೈಟುಗಳು ಒಂದೇ ಆಗಿರುವುದಿಲ್ಲ. ಒಂದರಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ, ಇನ್ನೊಂದರಲ್ಲಿ ರಸ್ತೆಯ ನೀರು ಒಳಕ್ಕೆ ಬರುತ್ತದೆ. ಒಂದರ ಪಕ್ಕ ಹೊಂಗೆ ಮರ ಇರುತ್ತದೆ, ಇನ್ನೊಂದರ ಪಕ್ಕ ವೆಲ್ಡಿಂಗ್ ಶಾಪು. ಮೇಷ್ಟ್ರ ಸೈಟಿಗೆ ಪಡುವಣದ ಬಿಸಿಲು ನೇರವಾಗಿ ಹೊಡೆಯುತ್ತಿತ್ತು. ವಾಸ್ತು ಹೇಳುವವರು ನೈರುತ್ಯದ ಕುಬೇರ ಮೂಲೆಯಲ್ಲಿ ಮಲಗುವ ಕೋಣೆ ಬರಲೇಬೇಕು ಎಂದಿದ್ದರು. ಬರಲಿ ಎಂದೆ, ಅದರ ಪಶ್ಚಿಮದ ಗೋಡೆಗೆ ಕಪಾಟುಗಳನ್ನು ಸಾಲಾಗಿ ಇಟ್ಟು ಬಿಸಿಲನ್ನು ಅಲ್ಲೇ ತಡೆದೆ. ನಂಬಿಕೆಯ ಜೊತೆ ಜಗಳವಾಡದೆಯೂ ತಣ್ಣಗೆ ಮಲಗಬಹುದು.

ನೀವು 'ಪ್ಲಾನ್' ಎಂದು ಕರೆಯುವ ಹಾಳೆ ಈ ಹೊತ್ತಿಗೆ ಹುಟ್ಟುತ್ತದೆ. ಅದಾದ ಮೇಲೆ ಕೆಲಸದ ನಕ್ಷೆಗಳು. ಮೇಷ್ಟ್ರ ಆ ಪುಟ್ಟ ಮನೆಗೆ ನಾವು ಬರೆದದ್ದು 43 ಹಾಳೆ. ಬಚ್ಚಲಿನ ನೆಲ ಯಾವ ಕಡೆಗೆ ಎಷ್ಟು ಇಳಿಯಬೇಕು, ಸಜ್ಜಾದ ಅಂಚಿನಲ್ಲಿ ನೀರು ಗೋಡೆಗೆ ಹರಿಯದ ಹಾಗೆ ಗಾಡಿ ಎಲ್ಲಿ ಬರಬೇಕು, ಅಮ್ಮನ ಮಂಡಿನೋವಿಗೆ ಮೆಟ್ಟಿಲಿನ ಎತ್ತರ ಎಷ್ಟಿರಬೇಕು, ಸ್ವಿಚ್ಚು ಬಾಗಿಲಿನ ಹಿಂದೆ ಅವಿತುಕೊಳ್ಳದ ಹಾಗೆ ಎಲ್ಲಿರಬೇಕು, ಎಲ್ಲವೂ ಅದರಲ್ಲಿ. ಕಾಲಂ, ಬೀಮು, ಕಂಬಿಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರರದ್ದು. ಅವರ ಬೀಮು ನನ್ನ ಕಿಟಕಿಯ ಮೇಲೆ ಬರದಂತೆ, ಪ್ಲಂಬರಿನ ಪೈಪು ಅವರ ಬೀಮನ್ನು ಕೊರೆಯದಂತೆ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು ನನ್ನ ಕೆಲಸ. ನಂತರ ಯಾವ ಕೆಲಸಕ್ಕೆ ಎಷ್ಟು ಸಾಮಾನು, ಯಾವ ಗುಣಮಟ್ಟ ಎಂಬ ಪಟ್ಟಿ. ಈ ಪಟ್ಟಿ ಇಲ್ಲದೆ ಚದರಡಿ ಲೆಕ್ಕದಲ್ಲಿ ಕಂಟ್ರಾಕ್ಟ್ ಕೊಟ್ಟರೆ ಒಬ್ಬ ಕಡಿಮೆ ಹೇಳಿದ, ಇನ್ನೊಬ್ಬ ಜಾಸ್ತಿ ಹೇಳಿದ ಎನ್ನುವುದಕ್ಕೆ ಅರ್ಥವೇ ಇಲ್ಲ. ಕಡಿಮೆ ಹೇಳಿದವನು ಏನನ್ನು ಬಿಟ್ಟಿದ್ದಾನೆ ಎಂದು ಗೋಡೆ ಎದ್ದ ಮೇಲೆ ಗೊತ್ತಾಗುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಮೇಷ್ಟ್ರ ಮನೆಯ ಮುಂದೆ ನಾಲ್ಕು ಅಡಿ ಹೊರಚಾಚಿದ ಬಾಲ್ಕನಿ ಇತ್ತು. ಕೆಳಗೆ ಕಂಬವಿಲ್ಲದೆ ಹೊರಚಾಚುವ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು. ಎರಡು ಕಡೆ ಗೋಡೆಯ ಮೇಲೆ ಕೂತ ಸಾಮಾನ್ಯ ಸ್ಲ್ಯಾಬು ನಡುವೆ ಕೆಳಕ್ಕೆ ಬಾಗುತ್ತದೆ, ಅದರ ತಳ ಎಳೆತಕ್ಕೆ ಸಿಕ್ಕುತ್ತದೆ, ಅಲ್ಲಿ ಕಂಬಿ ಬೇಕು. ಚಾಚಿದ ಸ್ಲ್ಯಾಬಿನಲ್ಲಿ ಇದು ತಿರುಗುಮುರುಗು: ತುದಿ ಕೆಳಕ್ಕೆ ಜಗ್ಗುವಾಗ ಗೋಡೆಯ ಬಳಿ ಮೇಲ್ಮೈ ಎಳೆತಕ್ಕೆ ಸಿಕ್ಕುತ್ತದೆ. ಕಂಬಿ ಕೆಳಗೆ ಹೋದರೆ ಎಷ್ಟು ದಪ್ಪ ಕಂಬಿ ಹಾಕಿದರೂ ಉಪಯೋಗಕ್ಕಿಲ್ಲ. ಕಾಂಕ್ರೀಟು ಎಳೆತವನ್ನು ತಡೆಯುವುದಿಲ್ಲ, ಬಿರುಕು ಬಿಟ್ಟು ಬಾಲ್ಕನಿ ಮುರಿದು ಬೀಳುತ್ತದೆ.

ನಕ್ಷೆಯಲ್ಲಿ ಕಂಬಿ ಮೇಲೆಯೇ ಇತ್ತು. ಕಂಬಿ ಕಟ್ಟುವವರೂ ಮೇಲೆಯೇ ಕಟ್ಟಿದ್ದರು. ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಏಳೂವರೆಗೆ ನಾನು ಹೋದಾಗ ಹಿಂದಿನ ಸಂಜೆ ವೈರಿಂಗ್ ಪೈಪು ಹಾಕಿದ ಹುಡುಗರು ಅದರ ಮೇಲೆಯೇ ಓಡಾಡಿ ಕಂಬಿಯೆಲ್ಲ ಹಲಗೆಗೆ ತಾಗುವ ಹಾಗೆ ತುಳಿದುಹಾಕಿದ್ದರು. ನಾನು ಕೆಲಸ ನಿಲ್ಲಿಸಿದೆ. ಮಿಕ್ಸರು ಬಂದು ನಿಂತಿತ್ತು, ಹದಿನೈದು ಆಳು ಬಂದಿದ್ದರು. ಕಂಟ್ರಾಕ್ಟರು, "ಒಂದಿಂಚು ಹೆಚ್ಚುಕಮ್ಮಿ ಆದ್ರೆ ಏನಾಗುತ್ತೆ ಮೇಡಂ, ನಾವು ಇಪ್ಪತ್ತು ವರ್ಷದಿಂದ ಹಾಕ್ತಿದ್ದೀವಿ" ಎಂದು ಕೂಗಾಡಿದ. ಮೇಷ್ಟ್ರಿಗೂ ಮುಖ ಬಾಡಿತು. ರಾಹುಕಾಲಕ್ಕೆ ಮೊದಲು ಶುರುವಾಗಬೇಕಿತ್ತು. ಕಂಬಿಯ ಕುರ್ಚಿಗಳನ್ನು ಕೊಟ್ಟು, ಕಂಬಿಗಳನ್ನು ಎತ್ತಿ ಕಟ್ಟಿ, ಓಡಾಡಲು ಹಲಗೆ ಹಾಸುವ ಹೊತ್ತಿಗೆ ಎರಡೂವರೆ ತಾಸು ಹೋಯಿತು. ಆಮೇಲೆ ಕಾಂಕ್ರೀಟು ಬಿತ್ತು. ಈಗ ಆ ಬಾಲ್ಕನಿಯಲ್ಲಿ ಅಮ್ಮ ಹಪ್ಪಳ ಒಣಹಾಕುತ್ತಾರೆ.

ಇಲ್ಲಿ ಗಮನಿಸಿ: ನಕ್ಷೆಯಲ್ಲಿ ತಪ್ಪಿರಲಿಲ್ಲ. ಜಗತ್ತಿನ ಅತ್ಯುತ್ತಮ ನಕ್ಷೆ ತಂದುಕೊಟ್ಟಿದ್ದರೂ ಆ ಬೆಳಿಗ್ಗೆ ಅಲ್ಲಿ ಯಾರೂ ಇರದಿದ್ದರೆ ಆ ಬಾಲ್ಕನಿ ಬೀಳುವ ಬಾಲ್ಕನಿಯೇ ಆಗಿರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುತ್ತಿರಲಿಲ್ಲ. ಮೇಲೆ ಟೈಲ್ಸು, ಕೆಳಗೆ ಪೇಂಟು.

"ಆರ್ಕಿಟೆಕ್ಟ್ ಇಲ್ಲದೆ ನಮ್ಮ ಅಜ್ಜಂದಿರು ಮನೆ ಕಟ್ಟಲಿಲ್ಲವೇ?" ಎಂದು ನೀವು ಕೇಳಬಹುದು. ಕಟ್ಟಿದರು, ನಮಗಿಂತ ಚೆನ್ನಾಗಿ ಕಟ್ಟಿದರು. ತೊಟ್ಟಿಮನೆಯ ಅಂಗಳಕ್ಕೂ ಜಗಲಿಗೂ ನಾನು ಕೈಮುಗಿಯುತ್ತೇನೆ. ಆದರೆ ಅಲ್ಲಿ ಸೂತ್ರಧಾರಿ ಇರಲಿಲ್ಲ ಎನ್ನಬೇಡಿ. ಆಚಾರಿಯೋ ಮೇಸ್ತ್ರಿಯೋ ಮರ ಆರಿಸುವ ದಿನದಿಂದ ಹೆಂಚು ಹೊದಿಸುವವರೆಗೂ ಅಲ್ಲೇ ಇದ್ದ. ಮುಂದಿನ ವರ್ಷ ಅದೇ ಕೇರಿಯಲ್ಲಿ ಓಡಾಡುತ್ತಿದ್ದ, ಸೋರಿದರೆ ಕೈಗೆ ಸಿಗುತ್ತಿದ್ದ. ಜೊತೆಗೆ ಮರದ ತೊಲೆ ಮುರಿಯುವ ಮುಂಚೆ ಬಾಗಿ ಎಚ್ಚರಿಕೆ ಕೊಡುತ್ತದೆ. ಕಾಂಕ್ರೀಟಿನೊಳಗಿನ ತಪ್ಪು ಒಳಗೇ ಹೂತುಹೋಗುತ್ತದೆ. ಹಳೆಯ ಮೇಸ್ತ್ರಿಯ ಮೇಲಿನ ಭಕ್ತಿಯನ್ನು ಹೊಸ ಸಾಮಗ್ರಿಯ ಮೇಲೆ ಹಾಗೇ ಹೊರಿಸುವುದು ಮೇಸ್ತ್ರಿಗೂ ಮಾಡುವ ಅನ್ಯಾಯ. ನಾಲ್ಕು ಸೈಟು ಒಟ್ಟಿಗೆ ಹಿಡಿದು, ದಿನಗೂಲಿ ಆಳುಗಳನ್ನು ಹೊಂದಿಸುವುದರಲ್ಲೇ ಹೈರಾಣಾಗಿರುವ ಇವತ್ತಿನ ಮೇಸ್ತ್ರಿಗೆ ಸರಿಯಾದ ನಕ್ಷೆಯನ್ನೂ ಕೊಡದೆ 'ಮಿಕ್ಕಿದ್ದೆಲ್ಲ ನೋಡ್ಕೋ' ಎನ್ನುತ್ತೇವೆ. ಬಿದ್ದರೆ ಅವನನ್ನೇ ಜೈಲಿಗೆ ಕಳಿಸುತ್ತೇವೆ.

ಇನ್ನು ಕೆಲವರು ಲಾರಿ ಬೇಕರ್ ಹೆಸರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ಬೇಕರ್ ಆಡಂಬರದ ಆರ್ಕಿಟೆಕ್ಟರನ್ನು ಗೇಲಿ ಮಾಡುತ್ತಿದ್ದರು, ಸಿಕ್ಕ ಚೂರುಪಾರು ಕಾಗದದ ಮೇಲೆ ಗೀಚುತ್ತಿದ್ದರು ಎಂಬುದು ನಿಜ. ಆದರೆ ಬೇಕರ್ ಸೈಟಿನಲ್ಲೇ ಇರುತ್ತಿದ್ದರು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ 'ರ‍್ಯಾಟ್ ಟ್ರ್ಯಾಪ್' ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಅದನ್ನು ಅವರು ಗಾರೆಯವರ ಜೊತೆ ನಿಂತು ಕಲಿಸಿದರು. ಅವರು ಕೈಬಿಟ್ಟದ್ದು ಆಫೀಸಿನ ಠೀವಿಯನ್ನು. ನಾವು ಕೈಬಿಟ್ಟಿರುವುದು ಸೈಟನ್ನು.

ಈಗ ನನ್ನ ತಪ್ಪಿನ ಮಾತು. ಸ್ವಂತ ಆಫೀಸು ಶುರು ಮಾಡಿ ಎರಡನೇ ವರ್ಷ. ಬಾಡಿಗೆ ಕಟ್ಟಲೂ ದುಡ್ಡು ಸಾಲದ ಕಾಲ. ಒಬ್ಬರು ಮಂಜೂರಾತಿಯ ನಕ್ಷೆಗೆ ಸಹಿ ಬೇಕು ಎಂದು ಬಂದರು. ನಕ್ಷೆಯಲ್ಲಿ ಪಕ್ಕದ ಮನೆಯ ಕಡೆ ಒಂದು ಮೀಟರ್ ಜಾಗ ಬಿಟ್ಟಿತ್ತು. ಹಾಗೆ ಬಿಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಅದನ್ನು ಮಂಜೂರು ಮಾಡುವವರಿಗೂ ಗೊತ್ತಿತ್ತು. ಊರಿನಲ್ಲಿ ಎಲ್ಲರೂ ಹೀಗೇ ಎಂದು ಸಹಿ ಹಾಕಿದೆ. ಎಂಟು ಸಾವಿರ ರೂಪಾಯಿ ಎಣಿಸಿಕೊಂಡೆ. ಆ ಸೈಟನ್ನು ನಾನು ನೋಡಲೂ ಇಲ್ಲ.

ಎರಡು ವರ್ಷ ಬಿಟ್ಟು ಅದೇ ಬೀದಿಯಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದೆ. ಅಳತೆ ತೆಗೆಯುವಾಗ ನೀರು ಕುಡಿಯಲು ಒಂದು ಹಳೆಯ ಮನೆಗೆ ಹೋದೆ. ಒಬ್ಬ ಅಜ್ಜಿ ಬಾಗಿಲು ತೆಗೆದರು. ನಡುಮಧ್ಯಾಹ್ನ. ಅಡುಗೆಮನೆಗೆ ಹೋದವರು ಮೊದಲು ಲೈಟು ಹಾಕಿದರು, ಆಮೇಲೆ ಲೋಟಕ್ಕೆ ಕೈಚಾಚಿದರು. ಅಡುಗೆಮನೆಗೆ ಒಂದು ಕಿಟಕಿ ಇತ್ತು. ಅದರ ಹೊರಗೆ ಒಂದು ಗೇಣು ದೂರದಲ್ಲಿ ಗಿಲಾವು ಮಾಡದ ಸಿಮೆಂಟ್ ಇಟ್ಟಿಗೆಯ ಗೋಡೆ. ನಾನು ಆ ಗೋಡೆಯನ್ನೇ ನೋಡುತ್ತಿದ್ದುದನ್ನು ಕಂಡು ಅಜ್ಜಿ ಹೇಳಿದರು: "ಅದೊಂದು ಎದ್ದ ಮೇಲೆ ಹಗಲು ರಾತ್ರಿ ಒಂದೇ ಆಗೋಯ್ತು ಕಣವ್ವ. ಕೇಳಿದ್ರೆ ಎಲ್ಲಾ ಪ್ಲಾನ್ ಪ್ರಕಾರ ಅಂತಾರೆ."

ಆ ಪ್ಲಾನಿನಲ್ಲಿ ನನ್ನ ಸಹಿ ಇತ್ತು. ಅದನ್ನು ಅಜ್ಜಿಗೆ ನಾನು ಹೇಳಲಿಲ್ಲ. ನೀರು ಕುಡಿದು ಬಂದುಬಿಟ್ಟೆ. ಅಂದಿನಿಂದ ನೋಡದ ಸೈಟಿನ ನಕ್ಷೆಗೆ ಸಹಿ ಹಾಕಿಲ್ಲ. ಆದರೆ ಆ ಅಡುಗೆಮನೆಯಲ್ಲಿ ಇನ್ನೂ ಹಗಲಲ್ಲಿ ಲೈಟು ಉರಿಯುತ್ತಿರುತ್ತದೆ. ನನ್ನ ಪಶ್ಚಾತ್ತಾಪದಿಂದ ಆ ಗೋಡೆ ಒಂದಿಂಚೂ ಹಿಂದೆ ಸರಿದಿಲ್ಲ.

'ಪ್ಲಾನ್ ಮಾತ್ರ' ಎನ್ನುವ ವ್ಯಾಪಾರದ ಅಸಲು ಮುಖ ಇದು. ಮಂಜೂರಾತಿಗೆ ಒಂದು ನಕ್ಷೆ, ಕಟ್ಟಲು ಇನ್ನೊಂದು. ಮೊದಲನೆಯದು ಕಟ್ಟುಕತೆ. ಕತೆ ಬರೆಯುವವರಿಗೆ ಸುಳ್ಳಿನ ಸ್ವಾತಂತ್ರ್ಯ ಇದೆ, ಅದಕ್ಕೆ 'ಕತೆ' ಎಂದು ಹೆಸರಿಟ್ಟಿರುತ್ತಾರೆ. ನಾವು ನಮ್ಮ ಕತೆಗೆ 'ನಕ್ಷೆ' ಎಂದು ಹೆಸರಿಟ್ಟು ಸೀಲು ಒತ್ತುತ್ತೇವೆ. ಆಮೇಲೆ ಇಡೀ ರಾಜ್ಯವೇ 'ಅಕ್ರಮ-ಸಕ್ರಮ' ಎಂಬ ಜೋಡಿಪದ ಕಟ್ಟಿಕೊಂಡು, ಆದದ್ದಾಯಿತು ದಂಡ ಕಟ್ಟಿಸಿಕೊಳ್ಳೋಣ ಎನ್ನುತ್ತದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಾಸಯೋಗ್ಯ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದ ಮೇಲೆ ನಮ್ಮ ರಾಜ್ಯದಲ್ಲಿ ಎಷ್ಟು ಗೋಳಾಟವಾಯಿತು, ನೆನಪಿದೆಯೇ? ನ್ಯಾಯಾಲಯ ಕೇಳಿದ್ದು ಏಳನೆಯ ಹಂತದ ಒಂದು ಕಾಗದವನ್ನು ಮಾತ್ರ. ಮೂರನೆಯ ಹಂತಕ್ಕೇ ಕೈತೊಳೆದುಕೊಂಡ ನಾವು ಅದನ್ನು ಎಲ್ಲಿಂದ ತರುವುದು?

2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಆ ವಾರ ನನ್ನ ಆಫೀಸಿನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. "ಮೇಡಂ, ನಮ್ಮ ಕಟ್ಟಡ ಒಂದ್ಸಲ ನೋಡ್ತೀರಾ?" ಮೂರನೇ ವಾರಕ್ಕೆ ಮತ್ತೆ ಹಳೆಯ ಪ್ರಶ್ನೆ: "ಪ್ಲಾನಿಗೆ ಎಷ್ಟು?"

ಕಾನೂನು ನಮ್ಮನ್ನು ಕಾಪಾಡುತ್ತದೆ ಎಂದು ನನ್ನ ವೃತ್ತಿಬಾಂಧವರು ನಂಬಿದ್ದರು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನೂ ಬಿಡಿಸಿ ಹೇಳಿತು: 1972ರ ಕಾಯ್ದೆ ರಕ್ಷಿಸುವುದು 'ಆರ್ಕಿಟೆಕ್ಟ್' ಎಂಬ ಬಿರುದನ್ನು, ಆ ಕೆಲಸವನ್ನಲ್ಲ. ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ, ಆದರೆ ವಿನ್ಯಾಸ ಮಾಡಬಹುದು. ನನ್ನ ಗೆಳೆಯರು ಗೋಳಾಡಿದರು. ನನಗೆ ಅನ್ನಿಸಿದ್ದೇ ಬೇರೆ. ನಾವು ಕೆಲಸವನ್ನು ಬಿಟ್ಟು ಬಿರುದನ್ನೇ ಹಿಡಿದುಕೊಂಡು ಎಷ್ಟೋ ವರ್ಷಗಳಾಗಿವೆ, ಕೋರ್ಟು ಇದ್ದದ್ದನ್ನು ಹೇಳಿತು. ಈಗ ಮೊಬೈಲಿನಲ್ಲೇ ಪ್ಲಾನ್ ಬಿಡಿಸಿಕೊಡುವ ಆಪ್‌ಗಳು ಬಂದಿವೆ. ನಾನು ಮಾರುವುದು ಪ್ಲಾನ್ ಮಾತ್ರ ಆಗಿದ್ದರೆ ಆ ಆಪು ನನಗಿಂತ ಅಗ್ಗ, ನನಗಿಂತ ಚುರುಕು. ನನ್ನ ಅಂಗಡಿ ಮುಚ್ಚುವುದೇ ಸರಿ.

ಆರ್ಕಿಟೆಕ್ಚರ್ ಓದುತ್ತಿರುವ ವಿದ್ಯಾರ್ಥಿಗಳೇ, ಐದು ವರ್ಷ ನಿಮಗೆ ಹೊಳೆಯುವ ಹಾಳೆಗಳನ್ನು ಮಾಡಲು ಕಲಿಸುತ್ತಾರೆ. ನನಗೂ ಹಾಗೇ ಕಲಿಸಿದರು. ಜ್ಯೂರಿಯ ಮುಂದೆ ತೂಗುಹಾಕಿದ ಹಾಳೆಗೆ ಅಂಕ ಬಂತು, ಕಂಬಿಯ ಕುರ್ಚಿಯನ್ನು ನಾನು ಮೊದಲ ಸಲ ಕಂಡದ್ದು ಡಿಗ್ರಿ ಮುಗಿದ ಮೇಲೆ. ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ಸೈಟಿಗೆ ಹೋಗಿ ನಿಲ್ಲಿ. ಕಂಬಿ ಕಟ್ಟುವ ಹುಡುಗನ ಹೆಸರು ಕೇಳಿ. ಅವನಿಗೆ ನಿಮ್ಮ ನಕ್ಷೆ ಅರ್ಥವಾಗದಿದ್ದರೆ ತಪ್ಪು ನಿಮ್ಮದು. ನಕ್ಷೆಯಲ್ಲಿ ಕನ್ನಡದಲ್ಲಿ ಬರೆಯಿರಿ. ನಾನು ಹತ್ತು ವರ್ಷದಿಂದ ಬರೆಯುತ್ತಿದ್ದೇನೆ, ತಪ್ಪುಗಳು ಅರ್ಧಕ್ಕರ್ಧ ಇಳಿದಿವೆ.

ಮನೆ ಕಟ್ಟುವವರಿಗೂ ಒಂದು ಮಾತು. ಪೂರ್ತಿ ಫೀಸು ದುಬಾರಿ ಎನ್ನುತ್ತೀರಿ. ಎಷ್ಟೋ ಮಂದಿಗೆ ಅದು ನಿಜವಾಗಿಯೂ ದುಬಾರಿ. ಅವರಿಗೆ ಎಟುಕುವ ದಾರಿಯನ್ನು ನನ್ನ ವೃತ್ತಿ ಹುಡುಕಲಿಲ್ಲ ಎಂಬ ಆಪಾದನೆಯನ್ನು ಒಪ್ಪುತ್ತೇನೆ. ಹಾಗಿದ್ದರೆ ಎಲಿವೇಶನ್ನಿನ ಬಣ್ಣದ ಚಿತ್ರ ಬಿಡಿ, ನನ್ನಂಥವರ ಐದು ಭೇಟಿಗಳನ್ನು ಕೊಳ್ಳಿ. ಗೆರೆ ಎಳೆಯುವ ಮೊದಲು ಸೈಟಿಗೊಂದು. ಪಾಯ ತೋಡಿ, ಕಾಂಕ್ರೀಟು ಹಾಕುವ ಮೊದಲೊಂದು. ಸ್ಲ್ಯಾಬಿಗೆ ಕಂಬಿ ಕಟ್ಟಿ, ಮೋಲ್ಡ್ ಹಾಕುವ ಮೊದಲೊಂದು, ಮಹಡಿ ಹೆಚ್ಚಾದರೆ ಪ್ರತಿ ಸ್ಲ್ಯಾಬಿಗೂ. ಪೈಪು, ವೈರು ಎಲ್ಲ ಮುಗಿದು ಗಿಲಾವು ಶುರುವಾಗುವ ಮೊದಲೊಂದು. ಗೃಹಪ್ರವೇಶವಾಗಿ ಮೊದಲ ಮಳೆ ಬಂದ ಮರುದಿನ ಕೊನೆಯದು. ಈ ಐದಕ್ಕೂ ಆಗುವ ಖರ್ಚು ನಿಮ್ಮ ಮುಂಬಾಗಿಲಿನ ಕೆತ್ತನೆಗಿಂತ ಕಡಿಮೆ.

ಭಾನುವಾರ ಫೋನು ಮಾಡಿದವರಿಗೆ ನಾನು ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. "ಅಲ್ಲ ಮೇಡಂ, ನೀವು ಬರೋದಕ್ಕೂ ದುಡ್ಡಾ?" ಎಂದರು.

"ಹೌದು ಸಾರ್. ಪ್ಲಾನ್ ಬೇಕಾದರೆ ಸುಮ್ಮನೆ ಕೊಡ್ತೀನಿ. ದುಡ್ಡು ನಾನು ಬರೋದಕ್ಕೇನೆ."

ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾರೆ. ಶುಕ್ರವಾರದ ಗುದ್ದಲಿ ಪೂಜೆ ಮುಗಿಯಿತು. ಇನ್ನೂ ಫೋನು ಬಂದಿಲ್ಲ. ಆ ಸೈಟಿನ ಪಕ್ಕದಲ್ಲಿ ಯಾರ ಮನೆ ಇದೆಯೋ, ಅದರ ಅಡುಗೆಮನೆಯ ಕಿಟಕಿ ಯಾವ ಕಡೆಗಿದೆಯೋ ನನಗೆ ಗೊತ್ತಿಲ್ಲ.